ಕೈಲಾಸದ ಬಿಳುಪು

ಮಹಾರಾಷ್ಟ್ರದಲ್ಲಿ ನೆಲೆಸಿರುವ ಕನ್ನಡಿಗರು ಬಿಡುವು ದೊರೆತಾಗ ವೇರೂಳಿನ ಗುಹಾಲಯಗಳಿಗೆ ಹೋಗಿಬರುವುದುಂಟು. ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣನ (ಸು. 756–774) ಕಾಲದಲ್ಲಿ ರೂಪುಗೊಂಡ ಕೈಲಾಸ ದೇವಾಲಯದ ಮುಂದೆ ನಿಂತು, ಕರಿಗಲ್ಲಿನ ಗಾಂಭೀರ್ಯವನ್ನು ಕೊಂಡಾಡದವರು ವಿರಳ. ಆದರೆ ಆ ಕಪ್ಪನ್ನು ನಮಗೆ ತೋರಿಸಬೇಕೆಂದು ಅದರ ಶಿಲ್ಪಿಗಳು ಬಯಸಿರಲಿಲ್ಲ. ಗುಡಿಯ ಮೈಗೆ ಬಿಳಿಯ ಗಾರೆಯನ್ನು ಬಳಿದಿದ್ದರು. ಅದರ ಮೇಲೆ ವರ್ಣಚಿತ್ರಗಳೂ ಇದ್ದುವು. ಸುತ್ತಣ ಜನ ಅದನ್ನು ‘ರಂಗಮಹಲ್’ ಎಂದು ಕರೆದದ್ದು ಸುಮ್ಮನೆ ಅಲ್ಲ.

ಕಟ್ಟಡದ ಹಿರಿಮೆಗೂ ಬಿಳುಪಿಗೂ ಇದ್ದ ನಂಟಿಗೆ ನಮ್ಮ ನುಡಿಯೇ ಸಾಕ್ಷಿ. ‘ಸುಧೆ’ಯೆಂದರೆ ಅಮೃತ ಮಾತ್ರವಲ್ಲ, ಸುಣ್ಣವೂ ಹೌದು, ಸುಣ್ಣ ಬಳಿದುದೇ ‘ಸೌಧ’. ಹಳಗನ್ನಡದ ‘ಧವಳಾರ’ವೂ ಅರಮನೆಯೆಂಬ ಅರ್ಥವನ್ನು ಪಡೆದದ್ದು ಬಿಳುಪಿನಿಂದಲೇ. (1956ರಲ್ಲಿ ಮುಗಿದ ಬೆಂಗಳೂರಿನ ವಿಧಾನಸೌಧವು ಬರಿಗಲ್ಲಿನದು, ವ್ಯುತ್ಪತ್ತಿಯನ್ನೇ ಹಿಡಿದು ವಾದಿಸುವವರು ಅದಕ್ಕೆ ಆ ಹೆಸರನ್ನು ಒಪ್ಪಲಿಕ್ಕಿಲ್ಲ.)

ಹಿಮಗಿರಿಯ ಸಾದೃಶ್ಯಕ್ಕಾಗಿ ಈ ಬಿಳುಪೆಂದು ವಿದ್ವಾಂಸರು ಹೇಳುವುದುಂಟು. ಒಪ್ಪತಕ್ಕ ಮಾತೇ, ಆದರೆ ಅದಿಷ್ಟೇ ಸಾಲದೆಂದು ನನಗೆ ತೋರುತ್ತದೆ. ಈ ‘ಪರ್ವತ’ ನಿಂತಿರುವುದು ಎತ್ತರದಲ್ಲಲ್ಲ, ಬೆಟ್ಟವನ್ನು ಮೇಲಿನಿಂದ ಕೊರೆದಿಳಿದ ತಗ್ಗಿನಲ್ಲಿ. ಅಂಗಳ 276 ಅಡಿ ಉದ್ದ, 154 ಅಡಿ ಅಗಲ. ಹಿಂಬದಿಯ ಬಂಡೆ 100 ಅಡಿಗೂ ಮಿಕ್ಕು ಎತ್ತರ. ಕಪ್ಪು ಬಂಡೆಯ ನಡುವೆ ಕಪ್ಪು ಗುಡಿಯಾದರೆ, ಹೊತ್ತಿಳಿದ ಮೇಲೆ ಬಂಡೆ ಯಾವುದು, ಗುಡಿ ಯಾವುದೆಂದು ತಿಳಿಯದು. ಗಾರೆಯ ಬಿಳುಪು ಮೇಲಿನಿಂದ ಬಿದ್ದ ಬೆಳಕನ್ನು ಅಂಗಳಕ್ಕೆ ಚೆಲ್ಲಿ, ಗುಡಿಯನ್ನು ಬೆಟ್ಟದಿಂದ ಬಿಡಿಸಿ ತೋರಿಸುತ್ತಿದ್ದಿರಬೇಕು. ಮೇಲಾಗಿ ಇಲ್ಲಿಯ ಕಲ್ಲು ಒರಟು. ಮುಖದ ನಯವನ್ನು ಗಾರೆಯಿಂದಲೇ ತುಂಬಬೇಕಾಗಿತ್ತು.

ಕ್ರಿ. ಶ. 812ರ ಬಡೋದೆಯ ತಾಮ್ರಶಾಸನವು ಏಲಾಪುರದ ಈ ಗುಡಿಯನ್ನು ಕಂಡು ವಿಮಾನಾರೂಢ ದೇವತೆಗಳೂ ಬೆರಗಾದರೆಂದೂ, ತಾನಿದನ್ನು ಹೇಗೆ ಮಾಡಿದೆನೆಂದು ಶಿಲ್ಪಿಯೇ ವಿಸ್ಮಯಪಟ್ಟನೆಂದೂ ವರ್ಣಿಸುತ್ತದೆ. ಆ ಶಾಸನಕವಿಯ ಮನಸ್ಸಿನಲ್ಲಿದ್ದುದು ಹೊಸ ಗಾರೆಯ ಗುಡಿ. ನಾವು ಅದನ್ನು ಓದುವಾಗ ಕರಿಯ ಗುಡಿಯನ್ನು ಕಲ್ಪಿಸಿಕೊಳ್ಳುತ್ತೇವೆ.

ಯುರೋಪಿನಲ್ಲಿ ನಡೆದದ್ದು ಇದಕ್ಕೆ ತಿರುವುಮುರುವು. ಗ್ರೀಕರ ಪ್ರತಿಮೆಗಳಿಗೆ ಬಣ್ಣವಿತ್ತು. ಅದು ಅಳಿದ ಮೇಲೆ ಉಳಿದ ಬಿಳುಪನ್ನೇ ಸೌಂದರ್ಯದ ಆದರ್ಶವೆಂದು, 1764ರಲ್ಲಿ ಪ್ರಾಚೀನ ಕಲೆಯ ಚರಿತ್ರೆಯನ್ನು ಪ್ರಕಟಿಸಿದ ವಿಂಕೆಲ್ಮನ್‌ನ ಬಳಿಕ, ಅನೇಕರು ನಂಬಿದರು. ಅಲ್ಲಿ ಬಿಳುಪು, ಇಲ್ಲಿ ಕಪ್ಪು. ಎರಡು ಕಡೆಯೂ ನಮ್ಮ ಅಭಿರುಚಿಯನ್ನು ತಿದ್ದಿದುದು ಕಾಲದ ಸವಕಳಿ.

ಗಾರೆ ಪೂರ್ತಿ ಅಳಿದಿಲ್ಲ. ಅಲ್ಲಲ್ಲಿ ಬಿಳಿಯ ತೇಪೆಗಳು ಇನ್ನೂ ಅಂಟಿಕೊಂಡಿವೆ. ಮುಖಮಂಟಪದ ಒಳಮಾಳಿಗೆಯಲ್ಲಿ ಹಳೆಯ ಚಿತ್ರದ ಮೇಲೆ ಮತ್ತೊಂದು ಕಾಲದವರು ಹೊಸ ಲೇಪ ಹಚ್ಚಿ ಚಿತ್ರ ಬರೆದಿದ್ದಾರೆ. ಮೇಲಿನ ಪದರ ಉದುರಿದೆಡೆ ಕೆಳಗಿನದು ಕಾಣುತ್ತದೆ.