ನೆಲದಡಿಯ ನೀರಿನ ದಾರಿ: ಬಿಜಾಪುರದ ಗಂಜ್‌ಗಳು ಹೇಳುವ ಪಾಠ

ಬಿಜಾಪುರಕ್ಕೆ ಹೋದವರು ಗೋಲಗುಂಬಜದ ಮೆಟ್ಟಿಲು ಹತ್ತಿ, ಅಲ್ಲಿ ಒಂದು ಚಪ್ಪಾಳೆ ತಟ್ಟಿ, ಅದರ ಮಾರ್ದನಿ ಕೇಳಿ, ಇಬ್ರಾಹಿಂ ರೋಜಾ ನೋಡಿಕೊಂಡು ಮರಳುತ್ತಾರೆ. ಊರೊಳಗೆ ಅಲ್ಲಲ್ಲಿ ನಿಂತಿರುವ ಕಲ್ಲಿನ ಚೌಕ ಗೋಪುರಗಳ ಬಗ್ಗೆ ವಿಚಾರಿಸುವವರು ಕಡಿಮೆ. ಅವು ಕಾವಲು ಬುರುಜುಗಳೆಂದು ಯಾರಾದರೂ ಭಾವಿಸಿದರೆ ಆಶ್ಚರ್ಯವಿಲ್ಲ. ಆದರೆ ಅವು ಗಂಜ್‌ಗಳು. ಆದಿಲ್‌ಶಾಹಿಗಳ ರಾಜಧಾನಿಗೆ ನೀರು ಹಂಚುತ್ತಿದ್ದ ಜಾಲದ ಕೀಲುಗಳು.

ಬಿಜಾಪುರ ಮಳೆ ಕಡಿಮೆಯಿರುವ ನಾಡು. ಕೃಷ್ಣೆ, ಭೀಮೆ ಇಬ್ಬರೂ ದೂರ. ಅಂಥ ಕಡೆ ಒಂದು ದೊಡ್ಡ ರಾಜಧಾನಿಯನ್ನು ಸಾಕುವುದು ಸುಲಭದ ಮಾತಾಗಿರಲಿಲ್ಲ. ಊರೊಳಗೆ ಬಾವಡಿಗಳನ್ನು ತೋಡಿದರು. ಚಾಂದ್ ಬಾವಡಿ, ತಾಜ್ ಬಾವಡಿ ಇಂದಿಗೂ ಉಳಿದಿವೆ. ಅದು ಸಾಲದೆಂದು ಪಶ್ಚಿಮದ ತೊರವಿಯಿಂದ ನೆಲದೊಳಗೆ ಸುರಂಗ ಕೊರೆದು ನೀರು ತಂದರು. ಮುಂದೆ ಮುಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ, 1651ರಲ್ಲಿ, ಊರಿನ ದಕ್ಷಿಣಕ್ಕೆ ಬೇಗಂ ತಾಲಾಬ್ ಎಂಬ ಕೆರೆಯನ್ನು ಕಟ್ಟಲಾಯಿತು. ಅಲ್ಲಿಂದ ಗಾರೆಗಚ್ಚಿನಲ್ಲಿ ಹುದುಗಿಸಿದ ಮಣ್ಣಿನ ಕೊಳವೆಗಳ ಮೂಲಕ ನೀರು ನಗರಕ್ಕೆ ಹರಿಯಿತು. ಸರದಾರ ಅಫ್ಜಲ್‌ಖಾನನ ಹೆಸರಿರುವ ಫಾರಸಿ ಶಾಸನವೊಂದು, ದೇವರ ಸೃಷ್ಟಿಯ ಬಾಯಾರಿಕೆ ತಣಿಸಲು ಈ ಕೆಲಸ ಮಾಡಲಾಯಿತೆಂಬ ಅರ್ಥದ ಮಾತನ್ನು ಹೇಳುತ್ತದೆ.

ಈಗ ಗಂಜ್‌ನ ಕೆಲಸವನ್ನು ನೋಡೋಣ. ಕೊಳವೆಯ ನೀರು ಇಳಿಜಾರಿನಲ್ಲಿ ಸಾಗಿದಷ್ಟೂ ಒಳಗಿನ ಒತ್ತಡ ಹೆಚ್ಚುತ್ತದೆ. ಮಣ್ಣಿನ ಕೊಳವೆ ಅದನ್ನು ತಾಳದೆ ಒಡೆಯುತ್ತದೆ. ಹಾಗಾಗದಂತೆ ದಾರಿಯ ನಡುನಡುವೆ ಗೋಪುರ ಕಟ್ಟಿ, ನೀರನ್ನು ಮೇಲಕ್ಕೆ ಏರಿಸಿ, ಗಾಳಿಗೆ ತೆರೆದು ಮತ್ತೆ ಇಳಿಸಿದರು. ಒತ್ತಡ ಅಲ್ಲಿಗೆ ತಣ್ಣಗಾಗುತ್ತಿತ್ತು. ನೀರು ನಿಧಾನಿಸಿದಾಗ ಮಣ್ಣು, ಕಸ ತಳಕ್ಕೆ ಕೂರುತ್ತಿತ್ತು. ಒಂದು ಗಂಜ್ ತುಂಬಿದ್ದು ಮುಂದಿನದು ಒಣಗಿದ್ದರೆ, ಕಟ್ಟಿಕೊಂಡಿರುವುದು ಅವೆರಡರ ನಡುವೆಯೇ ಎಂದು ತಿಳಿಯುವುದು ಕಷ್ಟವಲ್ಲ. ಕಣ್ಣಿಗೆ ಕಾಣದ ಕೊಳವೆಯ ಆರೋಗ್ಯವನ್ನು ನೆಲದ ಮೇಲಿನಿಂದಲೇ ತಿಳಿಯಬಹುದಾಗಿತ್ತು. ಕೊಳವೆ ಹಳತಾಗುತ್ತದೆ, ಹೂಳು ತುಂಬುತ್ತದೆ ಎಂಬ ಅರಿವನ್ನು ಕಟ್ಟಡದಲ್ಲೇ ಸೇರಿಸಿ ಕಟ್ಟಿದ್ದರು.

1686ರಲ್ಲಿ ಔರಂಗಜೇಬನ ಸೇನೆಗೆ ಬಿಜಾಪುರ ಶರಣಾಯಿತು. ದರ್ಬಾರು ಹೋಯಿತು, ಜನ ಚದುರಿದರು, ಹೂಳು ತೆಗೆಯುವವರಿಗೆ ಕೂಲಿ ಕೊಡುವ ಬೊಕ್ಕಸ ಇಲ್ಲವಾಯಿತು. ಗಂಜ್‌ಗಳು ನಿಂತವು, ನೀರು ನಿಂತುಹೋಯಿತು. ನೀರಿನ ಜಾಲವೊಂದು ವಯಸ್ಸಾಯಿತೆಂದು ಸಾಯುವುದಿಲ್ಲ. ನೋಡಿಕೊಳ್ಳುವವರಿಲ್ಲದಾಗ ಸಾಯುತ್ತದೆ. ಇತ್ತೀಚಿನ ವರ್ಷಗಳಲ್ಲಿ ತಾಜ್ ಬಾವಡಿಯ ಹೂಳು ತೆಗೆಯಲಾಗಿದೆ. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ತನ್ನ 2020ರ ಕಾಳಜಿಯ ಪಟ್ಟಿಗೆ ಸುರಂಗ ಬಾವಡಿಯನ್ನು ಸೇರಿಸಿತು. ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ಗಂಜ್‌ಗಳ ಪಾಠ ಬೇಕಾಗಿರುವುದು ಸ್ಮಾರಕಗಳಿಗಿಂತ ಹೆಚ್ಚಾಗಿ ನಮ್ಮ ಇಂದಿನ ನಲ್ಲಿಗಳಿಗೆ.

ಬೆಂಗಳೂರನ್ನೇ ನೋಡಿ. 1896ರಲ್ಲಿ ಹೆಸರಘಟ್ಟದ ನೀರು ಬಂತು. ಸಾಲದಾದಾಗ 1933ರಲ್ಲಿ ತಿಪ್ಪಗೊಂಡನಹಳ್ಳಿ. ಅದೂ ಸಾಲದಾದಾಗ 1974ರಲ್ಲಿ ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿ. 2024ರ ಅಕ್ಟೋಬರ್‌ನಲ್ಲಿ ಕಾವೇರಿಯ ಐದನೇ ಹಂತ ಉದ್ಘಾಟನೆಯಾಯಿತು. ಬಾಯಾರಿದಾಗಲೆಲ್ಲ ನಾವು ಇನ್ನಷ್ಟು ದೂರ ಹೋಗಿದ್ದೇವೆ. ಹಾಗೆ ಅಷ್ಟು ಎತ್ತರಕ್ಕೆ ಪಂಪ್ ಮಾಡಿ ತಂದ ನೀರಿನಲ್ಲಿ ದೊಡ್ಡ ಪಾಲು ಮನೆ ಮುಟ್ಟುವ ಮೊದಲೇ ಹಳೆಯ ಕೊಳವೆಗಳಲ್ಲಿ ಸೋರಿ, ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಹೊಸ ಯೋಜನೆಗೆ ಶಿಲಾನ್ಯಾಸವಿದೆ, ಫಲಕವಿದೆ, ಹೂಮಾಲೆಯಿದೆ. ಸೋರುವ ಕೀಲನ್ನು ಬಿಗಿಗೊಳಿಸಿದವನಿಗೆ ಯಾರೂ ಹಾರ ಹಾಕುವುದಿಲ್ಲ.

ಸೋರಿಕೆಯನ್ನು ಪತ್ತೆ ಮಾಡುವುದು ಮಂತ್ರವಿದ್ಯೆಯೇನಲ್ಲ. ಊರನ್ನು ಸಣ್ಣ ಸಣ್ಣ ವಲಯಗಳಾಗಿ ವಿಂಗಡಿಸಿ, ಪ್ರತಿ ವಲಯಕ್ಕೂ ಒಂದೇ ಬಾಗಿಲು ಇಟ್ಟು, ಅಲ್ಲೊಂದು ಮೀಟರ್ ಕೂರಿಸಬೇಕು. ನಡುರಾತ್ರಿ ಜನ ಮಲಗಿರುವಾಗಲೂ ಆ ಮೀಟರ್ ಓಡುತ್ತಿದ್ದರೆ, ಓಡುವ ನೀರಿನ ಬಹುಪಾಲು ಸೋರಿಕೆಯೇ. ಹೆಚ್ಚು ಸೋರುವ ವಲಯದ ಕೊಳವೆಯನ್ನು ಮೊದಲು ಬದಲಿಸಬೇಕು. ಇಂಥ ಮೀಟರು ನಮ್ಮ ಕಾಲದ ಗಂಜ್. ಆದರೆ ನಾಲ್ಕೈದು ದಿನಕ್ಕೊಮ್ಮೆ ನೀರು ಬಿಡುವ ಊರಿನಲ್ಲಿ ರಾತ್ರಿ ಕೊಳವೆಯೇ ಖಾಲಿ. ಸೋರಿಕೆ ಕಾಣುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯವೆಂದರೆ, ಒತ್ತಡವಿಲ್ಲದ ಕೊಳವೆ ತನ್ನ ಬಿರುಕುಗಳಿಂದ ಪಕ್ಕದ ಚರಂಡಿಯ ನೀರನ್ನು ಒಳಗೆಳೆದುಕೊಳ್ಳುತ್ತದೆ.

ಇದಕ್ಕೆ ನಮ್ಮಲ್ಲೇ ಪುರಾವೆಯಿದೆ. ವಿಶ್ವಬ್ಯಾಂಕಿನ ಸಾಲದಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಕಲಬುರಗಿಯ ಕೆಲವು ವಾರ್ಡುಗಳಲ್ಲಿ ಹಳೆಯ ಜಾಲವನ್ನು ಪೂರ್ತಿ ಬದಲಿಸಿ, 2008ರ ಹೊತ್ತಿಗೆ ದಿನದ 24 ಗಂಟೆ ನೀರು ಕೊಡಲಾಯಿತು. ಮುಂದೆ ಬರ್ಕಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಹುಬ್ಬಳ್ಳಿ-ಧಾರವಾಡದಲ್ಲಿ ಎರಡೂ ಬಗೆಯ ನಳಗಳ ನೀರನ್ನು ಪರೀಕ್ಷಿಸಿದರು. ಬಿಟ್ಟು ಬಿಟ್ಟು ಬರುವ ನೀರಿನ ಮಾದರಿಗಳಲ್ಲಿ ಸುಮಾರು ಮೂರನೇ ಒಂದರಷ್ಟರಲ್ಲಿ ಮಲದ ಕುರುಹಾದ ಇ-ಕೊಲಿ ರೋಗಾಣು ಸಿಕ್ಕಿತು. ನಿರಂತರ ಬರುವ ನೀರಿನಲ್ಲಿ ಅದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಎರಡೂ ಕಡೆ ಶುದ್ಧೀಕರಿಸಿದ ನೀರೇ. ವ್ಯತ್ಯಾಸವಾದದ್ದು ದಾರಿಯಲ್ಲಿ. ಆ ಪ್ರಯೋಗದ ಖಾಸಗಿ ನಿರ್ವಹಣೆ, ನೀರಿನ ದರದ ಬಗ್ಗೆ ಎದ್ದ ಪ್ರಶ್ನೆಗಳು ನ್ಯಾಯವಾದವು. ನೀರನ್ನು ಸರಕಾಗಿಸದೆಯೂ ಕೊಳವೆಯನ್ನು ಕಾಪಾಡುವುದು ನಗರಸಭೆಗಳಿಂದ ಸಾಧ್ಯವಾಗಬೇಕು.

ಒಳಚರಂಡಿಯ ಕತೆ ಇನ್ನೂ ಕಠೋರ. ನೀರಿನ ಕೊಳವೆ ಕೆಟ್ಟರೆ ನೀರು ಹೋಗುತ್ತದೆ, ಚರಂಡಿ ಕಟ್ಟಿಕೊಂಡರೆ ಮನುಷ್ಯನನ್ನು ಇಳಿಸುತ್ತಾರೆ. ಮ್ಯಾನ್‌ಹೋಲಿನ ವಿಷಗಾಳಿ ಅವನನ್ನು ಕ್ಷಣಾರ್ಧದಲ್ಲಿ ಕೊಲ್ಲುತ್ತದೆ. 1993ರಲ್ಲಿ ಒಂದು ಕಾನೂನು ಬಂತು, 2013ರಲ್ಲಿ ಇನ್ನೊಂದು. ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತ ಏರುತ್ತಿರುವುದು ಸಾವು ನಿಂತಿಲ್ಲ ಎಂಬುದಕ್ಕೆ ಸಾಕ್ಷಿ. ಕುಸಿದ ಚರಂಡಿಯನ್ನು ಸಕಾಲದಲ್ಲಿ ರಿಪೇರಿ ಮಾಡದ ಊರು, ಅದರ ಬೆಲೆಯನ್ನು ತನ್ನ ಅತಿ ಬಡವರ ಪ್ರಾಣದಿಂದ ತೆರುತ್ತದೆ. ಅವರು ಬಹುತೇಕ ದಲಿತರು ಎಂಬುದನ್ನು ನಾವು ಬಾಯಿಬಿಟ್ಟು ಹೇಳಲೇಬೇಕು.

ನಗರಸಭೆ ಚುನಾವಣೆಯಲ್ಲಿ ಮತ ಕೇಳಲು ಬಂದವರನ್ನು ನಾವು ಹೊಸ ರಸ್ತೆ, ಹೊಸ ಟ್ಯಾಂಕ್ ಕೇಳುತ್ತೇವೆ. ಇನ್ನು ಮುಂದೆ ಬೇರೆ ಪ್ರಶ್ನೆಗಳನ್ನೂ ಕೇಳೋಣ. ನಮ್ಮ ಓಣಿಯ ಅಡಿಯಲ್ಲಿ ಕೊಳವೆ ಎಲ್ಲಿದೆ ಎಂಬ ನಕ್ಷೆ ನಿಮ್ಮ ಬಳಿ ಇದೆಯೇ? ಅದಕ್ಕೆ ಎಷ್ಟು ವಯಸ್ಸಾಗಿದೆ? ದುರಸ್ತಿಗೆಂದು ಈ ವರ್ಷ ಎಷ್ಟು ಹಣ ಇಟ್ಟಿದ್ದೀರಿ? ಮ್ಯಾನ್‌ಹೋಲಿಗೆ ಇಳಿಯುವುದು ಯಂತ್ರವೋ, ಮನುಷ್ಯನೋ? ಉತ್ತರ ಬರದಿದ್ದರೆ, ನೀರಿಲ್ಲದೆ ನಿಂತ ಗಂಜ್‌ಗಳನ್ನು ನಾವೂ ಮುಂದಿನವರಿಗೆ ಬಿಟ್ಟುಹೋಗುತ್ತೇವೆ.