ಉತ್ಸವಮೂರ್ತಿ ಯಾವ ಬೀದಿಗೆ ಬಂತು?

ಚೈತ್ರ ಬಂತೆಂದರೆ ಹಳೆಯ ಬೆಂಗಳೂರಿನ ಪೇಟೆಗಳಿಗೆ ಉತ್ಸವಗಳ ಕಾಲ. ಯುಗಾದಿಯ ಬೇವು-ಬೆಲ್ಲ ಮುಗಿದು, ರಾಮನವಮಿಯ ಪಾನಕ, ಕೋಸಂಬರಿ ಹಂಚುವ ಹೊತ್ತಿಗೆ ಶಾಲೆಗಳಿಗೆ ಬೇಸಿಗೆ ರಜೆಯೂ ಹತ್ತಿರವಾಗಿರುತ್ತದೆ. ಚಾಮರಾಜಪೇಟೆಯಲ್ಲಿ ಶ್ರೀ ರಾಮಸೇವಾ ಮಂಡಳಿ 1939ರಲ್ಲಿ ಆರಂಭಿಸಿದ ಸಂಗೀತೋತ್ಸವ ಇಂದಿಗೂ ನಡೆದುಬಂದಿದೆ. ಅದಕ್ಕೂ ಕೆಲವು ವರ್ಷ ಮೊದಲು ಇದೇ ಪೇಟೆಯಲ್ಲಿ ಇನ್ನೊಂದು ಉತ್ಸವ ಹುಟ್ಟಿಕೊಂಡಿತ್ತು. ಅದಕ್ಕೆ ಪಲ್ಲಕ್ಕಿಯಿರಲಿಲ್ಲ, ಪಂಜಿನ ಮೆರವಣಿಗೆಯಿರಲಿಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಸಭಾಂಗಣದಲ್ಲಿ ನಡೆಯುತ್ತಿದ್ದ ಅದರ ಹೆಸರು ವಸಂತ ಸಾಹಿತ್ಯೋತ್ಸವ.

ಉತ್ಸವ ಎಂಬ ಮಾತಿಗೆ ನಮ್ಮ ದೇವಾಲಯಗಳಲ್ಲಿ ಒಂದು ವಿಶೇಷ ಅರ್ಥವಿದೆ. ಗರ್ಭಗುಡಿಯ ಮೂಲ ವಿಗ್ರಹ ಕದಲುವುದಿಲ್ಲ. ಒಳಗೆ ಹೋಗಲಾಗದವರಿಗೆ, ನಡೆದು ಬರಲಾರದವರಿಗೆ ದರ್ಶನವಾಗಲೆಂದು ಉತ್ಸವಮೂರ್ತಿಯೇ ಬೀದಿಗೆ ಬರುತ್ತದೆ. ಪಂಡಿತರ ಮನೆಯ ಓಲೆಗರಿಗಳಲ್ಲಿ, ಕಾಲೇಜಿನ ತರಗತಿಗಳಲ್ಲಿ ಕುಳಿತಿದ್ದ ಸಾಹಿತ್ಯವನ್ನು ಜನರ ನಡುವೆ ತರುವ ಪ್ರಯತ್ನಕ್ಕೆ 'ಉತ್ಸವ' ಎಂಬ ಹೆಸರು ಸರಿಯಾಗಿಯೇ ಒಪ್ಪುತ್ತದೆ. ಆದರೆ ದೇವರ ಉತ್ಸವ ಎಲ್ಲ ಬೀದಿಗೂ ಹೋಗುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ. ಪರಿಷತ್ತಿನ ಬಾಗಿಲಿನಿಂದ ಗಿರಣಿ ಕಾರ್ಮಿಕರ ಬಿನ್ನಿಪೇಟೆಗೆ ನಡೆದು ಹೋಗುವಷ್ಟೇ ದೂರ. ಆ ದೂರವನ್ನು ಸಾಹಿತ್ಯ ಹೇಗೆ ದಾಟಿತು ಎಂಬುದು ಕಳೆದ ಶತಮಾನದ ಕನ್ನಡದ ಕಥೆಯೂ ಹೌದು.

ಹಳೆಯ ಟಂಕಸಾಲೆ

ಬರವಣಿಗೆ ಕಲಿಸುವ ಶಿಬಿರಗಳಿಗೆ ಕನ್ನಡದಲ್ಲಿ ಈಗ ರೂಢಿಯಲ್ಲಿರುವ ಹೆಸರು 'ಕಮ್ಮಟ'. ಕಥಾ ಕಮ್ಮಟ, ಕಾವ್ಯ ಕಮ್ಮಟ ಎಂಬ ಪ್ರಕಟಣೆಗಳನ್ನು ಪತ್ರಿಕೆಗಳ ಓದುಗರು ಬಲ್ಲರು. ಈ ಪದದ ಹಳೆಯ ಅರ್ಥ ಟಂಕಸಾಲೆ, ಅಂದರೆ ನಾಣ್ಯಕ್ಕೆ ಮುದ್ರೆ ಒತ್ತುವ ಜಾಗ. ಚಲಾವಣೆಗೆ ಯೋಗ್ಯವಾದ ಮಾತನ್ನು ಸಿದ್ಧಪಡಿಸುವ ಕೆಲಸಕ್ಕೂ ಈ ಹೆಸರು ಒಪ್ಪುತ್ತದೆ.

ಇಂಥ ಕಲಿಕೆ ಕನ್ನಡಕ್ಕೆ ಹೊಸದಲ್ಲ. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥ, 9ನೇ ಶತಮಾನದ 'ಕವಿರಾಜಮಾರ್ಗ', ಕಾವ್ಯವನ್ನು ಹೇಗೆ ಬರೆಯಬೇಕು, ಯಾವ ದೋಷಗಳನ್ನು ಬಿಡಬೇಕು ಎಂದು ತಿಳಿಸುವ ಕೈಪಿಡಿ. ಅದೇ ಗ್ರಂಥ ನಾಡವರನ್ನು ಹೊಗಳುವಾಗ, ಕ್ರಮವಾಗಿ ಓದದಿದ್ದರೂ ಕಾವ್ಯಪ್ರಯೋಗದಲ್ಲಿ ಪಳಗಿದವರು ಎಂದು ಹೇಳುತ್ತದೆ. 10ನೇ ಶತಮಾನದ ಕೊನೆಯಲ್ಲಿ ಒಂದನೆಯ ನಾಗವರ್ಮ ಬರೆದ 'ಛಂದೋಂಬುಧಿ' ಕವಿ ತನ್ನ ಹೆಂಡತಿಗೆ ಛಂದಸ್ಸನ್ನು ವಿವರಿಸುವ ರೀತಿಯಲ್ಲಿದೆ. ಮಾತ್ರೆ, ಗಣ, ಪ್ರಾಸಗಳ ಪಾಠ ಗುರುಕುಲದಲ್ಲಿ ಮಾತ್ರ ನಡೆಯಬೇಕಿಲ್ಲ, ಮನೆಯಲ್ಲೂ ನಡೆಯಬಹುದು ಎಂಬ ಕಲ್ಪನೆ ಸಾವಿರ ವರ್ಷದ ಹಿಂದೆಯೇ ಇತ್ತು.

ಪದವಿಯಿಲ್ಲದ ಉಪಾಧ್ಯಕ್ಷ

ಪರಿಷತ್ತು ಸ್ಥಾಪನೆಯಾದದ್ದು 1915ರಲ್ಲಿ. ಎಚ್.ವಿ.ನಂಜುಂಡಯ್ಯ ಅದರ ಮೊದಲ ಅಧ್ಯಕ್ಷರು. ಮೈಸೂರು ಸಂಸ್ಥಾನ, ಮುಂಬಯಿ ಮತ್ತು ಮದರಾಸು ಪ್ರಾಂತಗಳು, ಹೈದರಾಬಾದು, ಕೊಡಗು ಎಂದು ಹಂಚಿಹೋಗಿದ್ದ ಕನ್ನಡಿಗರನ್ನು ಭಾಷೆಯ ಮೂಲಕ ಒಟ್ಟುಗೂಡಿಸುವುದು ಆರಂಭದ ಉದ್ದೇಶಗಳಲ್ಲಿ ಮುಖ್ಯವಾಗಿತ್ತು. ಮೊದಲ ವರ್ಷಗಳ ಬಹುಪಾಲು ಶ್ರಮ ಸಮ್ಮೇಳನಗಳಿಗೆ, ಪತ್ರಿಕೆಗೆ, ಪಾರಿಭಾಷಿಕ ಪದಗಳ ಚರ್ಚೆಗೆ ಹೋಯಿತು. ಚಾಮರಾಜಪೇಟೆಯಲ್ಲಿ ಸ್ವಂತ ಕಟ್ಟಡ ದೊರೆತದ್ದು 1933ರಲ್ಲಿ.

ಆ ವರ್ಷವೇ ಡಿ.ವಿ.ಗುಂಡಪ್ಪ ಉಪಾಧ್ಯಕ್ಷರಾದರು. ಅಧ್ಯಕ್ಷ ಪದವಿ ಆಗ ಮೈಸೂರಿನ ಯುವರಾಜರದಾಗಿತ್ತು. ಆದ್ದರಿಂದ ನಿತ್ಯದ ಹೊಣೆಯೆಲ್ಲ ಉಪಾಧ್ಯಕ್ಷರ ಹೆಗಲಿಗೇ ಬೀಳುತ್ತಿತ್ತು. ಡಿ.ವಿ.ಜಿ. ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನು ದಾಟಿದವರಲ್ಲ. ಪತ್ರಿಕೋದ್ಯಮದಲ್ಲಿ ಬೆಳೆದು, ಸಂಸ್ಕೃತವನ್ನೂ ಇಂಗ್ಲಿಷನ್ನೂ ಸ್ವಂತ ಪರಿಶ್ರಮದಿಂದ ಗಳಿಸಿಕೊಂಡವರು. ಮೈಸೂರು ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿದ್ದು 1961ರಲ್ಲಿ. ಕಾಲೇಜಿನ ಹೊರಗೆ ಕಲಿತ ಇಂಥವರ ಕಾಲದಲ್ಲಿಯೇ, ಕಾಲೇಜಿನ ಮೆಟ್ಟಿಲು ಹತ್ತದವರಿಗೂ ತೆರೆದ ವಸಂತ ಸಾಹಿತ್ಯೋತ್ಸವ ರೂಪುಗೊಂಡದ್ದು ಸಹಜವಾಗಿಯೇ ಇದೆ. ಉಪನ್ಯಾಸ, ಕಾವ್ಯವಾಚನ, ಚರ್ಚೆಗಳು ಅದರ ಅಂಗಗಳಾಗಿದ್ದವು.

ಡಿ.ವಿ.ಜಿ. ಮತ್ತು ಅವರ ನಂತರ 1938ರಲ್ಲಿ ಉಪಾಧ್ಯಕ್ಷರಾದ ಬಿ.ಎಂ.ಶ್ರೀಕಂಠಯ್ಯ, ಇಬ್ಬರೂ ಗಮಕ ಕಲೆಗೆ ವಿಶೇಷ ಒತ್ತು ಕೊಟ್ಟರು. ಇದಕ್ಕೆ ಕಾರಣವಿತ್ತು. 1931ರ ಜನಗಣತಿಯ ವೇಳೆಗೆ ಮೈಸೂರು ಸಂಸ್ಥಾನದಲ್ಲಿ ಓದುಬರಹ ಬಲ್ಲವರು ಸುಮಾರು ಹತ್ತು ಮಂದಿಗೆ ಒಬ್ಬರು. ಪುಸ್ತಕವನ್ನಷ್ಟೇ ನಂಬಿದರೆ ಸಾಹಿತ್ಯ ಉಳಿದ ಒಂಬತ್ತು ಮಂದಿಯನ್ನು ಮುಟ್ಟುವಂತಿರಲಿಲ್ಲ. ಗಮಕದ ದಾರಿ ಬೇರೆ. ಒಬ್ಬರು ಕಾವ್ಯವನ್ನು ರಾಗವಾಗಿ ವಾಚಿಸುತ್ತಾರೆ, ಮತ್ತೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ಸಂಗೀತ ಕಛೇರಿಯಂತೆ ಇಲ್ಲಿ ರಾಗದ ವಿಸ್ತಾರಕ್ಕೆ ಅವಕಾಶವಿಲ್ಲ, ಪದ್ಯದ ಅರ್ಥವೇ ಯಜಮಾನ. ಸಂಧಿಯಾಗಿ ಬೆಸೆದ ಪದಗಳನ್ನು ಎಲ್ಲಿ ಬಿಡಿಸಬೇಕು, ಉಸಿರನ್ನು ಎಲ್ಲಿ ನಿಲ್ಲಿಸಬೇಕು, ಯುದ್ಧಕ್ಕೆ ಯಾವ ರಾಗ, ಶೋಕಕ್ಕೆ ಯಾವುದು ಎಂಬುದನ್ನು ಗಮಕಿ ಅರಿತಿರಬೇಕು. ಒಂದೆಡೆ ತಪ್ಪಾಗಿ ನಿಂತರೆ ಅರ್ಥವೇ ಬದಲಾಗುತ್ತದೆ. ಹೀಗಾಗಿ ಗಮಕದ ತರಗತಿ ಎಂದರೆ ಹಾಡುವ ತರಗತಿ ಮಾತ್ರವಲ್ಲ, ವ್ಯಾಕರಣ, ಛಂದಸ್ಸು, ಅರ್ಥವಿವೇಚನೆ ಎಲ್ಲವನ್ನೂ ಕಿವಿಯ ಮೂಲಕ ಕಲಿಸುವ ಶಾಲೆ. ಕುಮಾರವ್ಯಾಸನ ಭಾರತವನ್ನು ಹಳ್ಳಿಯ ಜಗಲಿಯಲ್ಲಿ ಕೇಳುತ್ತಲೇ ಬೆಳೆದ ಅಕ್ಷರ ಬಾರದವರು ಸಾಲುಸಾಲಾಗಿ ಪದ್ಯ ಹೇಳುತ್ತಿದ್ದರೆ, ಅದಕ್ಕೆ ಈ ಕಲೆಯೇ ಕಾರಣ.

ಕಾವ, ಜಾಣ ಮತ್ತು ಮಕ್ಕಳು

ಬಿ.ಎಂ.ಶ್ರೀ. ಅವರದು ಬೇರೆ ಹಿನ್ನೆಲೆ. ಅವರು ಇಂಗ್ಲಿಷ್ ಪ್ರಾಧ್ಯಾಪಕರು. 1911ರಲ್ಲಿಯೇ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ, ಕನ್ನಡ ತಲೆಯೆತ್ತಬೇಕಾದರೆ ಇಂದಿನ ಜನರಿಗೆ ತಿಳಿಯುವ ಭಾಷೆಯಲ್ಲಿ ಬರೆಯಬೇಕೆಂದು ವಾದಿಸಿದವರು. ಅವರ ಕಾಲದಲ್ಲಿ 'ಕರ್ನಾಟಕ ಸಾಹಿತ್ಯ ಪರಿಷತ್ತು' 'ಕನ್ನಡ ಸಾಹಿತ್ಯ ಪರಿಷತ್ತು' ಆಯಿತು. 'ಕನ್ನಡ ನುಡಿ' ಪತ್ರಿಕೆ ಹೊರಟಿತು. ಮಹಿಳಾ ಶಾಖೆ ತೆರೆಯಿತು. ಶಾಲೆಗೆ ಹೋಗದೆಯೂ ಕನ್ನಡವನ್ನು ಓದಿ ಪರೀಕ್ಷೆಗೆ ಕುಳಿತುಕೊಳ್ಳುವ ಏರ್ಪಾಡು ಬಂತು. ಪ್ರವೇಶ, ಕಾವ, ಜಾಣ, ರತ್ನ ಎಂಬ ಪರಿಷತ್ತಿನ ಪರೀಕ್ಷೆಗಳ ಹೆಸರುಗಳು ಇಂದಿಗೂ ಪರಿಚಿತವಾಗಿವೆ.

ಇದೇ 1938ರಲ್ಲಿ ಚಾಮರಾಜಪೇಟೆಯಲ್ಲಿ ಇನ್ನೊಂದು ಬಾಗಿಲೂ ತೆರೆಯಿತು. 'ಸರಸ್ವತಿ' ಎಂಬ ಮಹಿಳಾ ಮಾಸಪತ್ರಿಕೆಯನ್ನು ದಶಕಗಳ ಕಾಲ ನಡೆಸಿದ ಆರ್.ಕಲ್ಯಾಣಮ್ಮ ಮಕ್ಕಳ ಕೂಟವನ್ನು ಕಟ್ಟಿದರು. ಬಾಲ್ಯದಲ್ಲಿಯೇ ವಿಧವೆಯಾಗಿ, ಹೆಣ್ಣುಮಕ್ಕಳ ಓದಿಗೆ ಸಮಾಜ ಮುಖ ಗಂಟಿಕ್ಕುತ್ತಿದ್ದ ಕಾಲದಲ್ಲಿ ಪತ್ರಿಕೆಯ ಸಂಪಾದಕಿಯಾದವರು ಅವರು. ಮಕ್ಕಳಿಗೆ ಹಾಡು, ಕಥೆ, ನಾಟಕಗಳ ಮೂಲಕ ಭಾಷೆ ಬರಬೇಕೆಂಬ ಅವರ ಆಸೆಯ ಗುರುತಾಗಿ ಆ ಜಾಗಕ್ಕೆ ಈಗಲೂ ಮಕ್ಕಳ ಕೂಟ ಎಂಬ ಹೆಸರೇ ಉಳಿದಿದೆ. ಮಕ್ಕಳಿಗಾಗಿ 'ತುತ್ತೂರಿ' ಬರೆದ ಜಿ.ಪಿ.ರಾಜರತ್ನಂ ಕೂಡ ಇದೇ ಸಾಲಿನವರು. ಪುಸ್ತಕಗಳನ್ನು ತಾವೇ ಹೊತ್ತು ಮಾರಿದ ಅವರು, ವಿದ್ಯಾರ್ಥಿಗಳ ಕೈಯಲ್ಲಿ ಬರೆಸುವುದನ್ನೇ ಒಂದು ವ್ರತದಂತೆ ನಡೆಸಿದರು.

ಹೀಗೆ ಹೆಂಗಸರು, ಮಕ್ಕಳು, ಪದವಿಯಿಲ್ಲದವರು ಒಬ್ಬೊಬ್ಬರಾಗಿ ಒಳಗೆ ಬಂದರು. ಆದರೆ ಒಳಗೆ ಬರುವುದು ಬೇರೆ, ವೇದಿಕೆಯ ನಡುವಣ ಕುರ್ಚಿ ಬೇರೆ. ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷರು ಸಿಕ್ಕಿದ್ದು 1974ರಲ್ಲಿ, ಮಂಡ್ಯದಲ್ಲಿ, ಜಯದೇವಿತಾಯಿ ಲಿಗಾಡೆ ಅವರ ರೂಪದಲ್ಲಿ. ಆಗ ಪರಿಷತ್ತಿಗೆ 59 ವರ್ಷ ತುಂಬಿತ್ತು.

ಸೈರನ್ನಿನ ಆಚೆ

ಬಿನ್ನಿಪೇಟೆಗೆ ಹೆಸರು ಬಂದದ್ದು ಬಿನ್ನಿ ಕಂಪನಿಯಿಂದ. 1884ರಲ್ಲಿ ಆರಂಭವಾದ ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿ ಕೆಲವೇ ವರ್ಷಗಳಲ್ಲಿ ಆ ಕಂಪನಿಯ ಆಡಳಿತಕ್ಕೆ ಬಂದು, ಸುತ್ತ ಕಾರ್ಮಿಕರ ವಸತಿಗಳು ಬೆಳೆದವು. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳು ನಕ್ಷೆ ಹಾಕಿ ಕಟ್ಟಿದ ಬಡಾವಣೆಗಳು. ಅಲ್ಲಿನ ನೌಕರರು, ವಕೀಲರು, ಮೇಷ್ಟರುಗಳಿಗೆ ಸಂಜೆ ಎಂಬುದೊಂದಿತ್ತು. ಗಿರಣಿಯವರ ದಿನವನ್ನು ನಿರ್ಧರಿಸುತ್ತಿದ್ದುದು ಸೈರನ್ನು, ಪಾಳಿ. ಮನೆಮಾತು ಕನ್ನಡ, ತಮಿಳು, ತೆಲುಗು, ಉರ್ದು ಹೀಗೆ ಬೇರೆ ಬೇರೆ. ಅವರ ನಡುವೆ ಸಾಹಿತ್ಯ ಇರಲಿಲ್ಲವೆಂದಲ್ಲ. ಭಜನೆ, ತತ್ವಪದ, ಹರಿಕಥೆ, ಕಂಪನಿ ನಾಟಕದ ರಂಗಗೀತೆಗಳು ದುಡಿಯುವವರ ಬಾಯಲ್ಲಿದ್ದವು. ಆದರೆ ಅದನ್ನು ಸಾಹಿತ್ಯವೆಂದು ಕರೆದು ಸಭಾಂಗಣಕ್ಕೆ ಆಹ್ವಾನಿಸುವ ರೂಢಿ ಬೆಳೆಯಲು ಬಹಳ ಕಾಲ ಬೇಕಾಯಿತು.

ಬಿನ್ನಿಪೇಟೆಯ ನೆರೆಯ ಶ್ರೀರಾಮಪುರದಿಂದ ಬಂದ ಒಬ್ಬ ಹುಡುಗನ ಕಥೆ ಇಲ್ಲಿ ನೆನೆಯತಕ್ಕದ್ದು. ಮಾಗಡಿ ಕಡೆಯ ಹಳ್ಳಿಯಲ್ಲಿ 1954ರಲ್ಲಿ ಹುಟ್ಟಿದ ಸಿದ್ಧಲಿಂಗಯ್ಯ, ಶ್ರೀರಾಮಪುರದ ಬಡ ಬೀದಿಗಳಲ್ಲಿ, ವಿದ್ಯಾರ್ಥಿನಿಲಯದಲ್ಲಿ ಬೆಳೆದರು. 1973ರಲ್ಲಿ ಸಚಿವ ಬಿ.ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದಾಗ ರಾಜ್ಯದಲ್ಲಿ ಎದ್ದ ಗಲಭೆ ಆ ತಲೆಮಾರಿನ ದಲಿತ ವಿದ್ಯಾರ್ಥಿಗಳನ್ನು ಒಂದುಗೂಡಿಸಿತು. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಅದರ ಹೆಸರಿನಲ್ಲೇ 'ಹಾಡು' ಇದೆ. ಅವರ ಪದ್ಯಗಳು ಪುಸ್ತಕದಂಗಡಿಯಲ್ಲಿ ಓದುಗರಿಗಾಗಿ ಕಾಯಲಿಲ್ಲ, ಚಳವಳಿಯ ಮೆರವಣಿಗೆಗಳಲ್ಲಿ ಕಂಠದಿಂದ ಕಂಠಕ್ಕೆ ಹೋದವು. ಗಮಕದ ತರಗತಿಗಳು ನೆಚ್ಚಿಕೊಂಡಿದ್ದ ಅದೇ ಕಿವಿಯ ದಾರಿಯನ್ನು, ಗಮಕ ತಲುಪದ ಕೇರಿಗಳಲ್ಲಿ ಈ ಹಾಡುಗಳು ಹಿಡಿದವು.

1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಪ್ರತ್ಯೇಕ ಗೋಷ್ಠಿ ಬೇಕೆಂಬ ಬೇಡಿಕೆ ಈಡೇರಲಿಲ್ಲ. ಸಾಹಿತ್ಯದಲ್ಲಿ ಇಂಥ ವಿಭಾಗ ಸಲ್ಲದು ಎಂಬುದು ಒಂದು ಕಡೆಯ ನಿಲುವು. ಇಷ್ಟು ಕಾಲ ಗೋಷ್ಠಿಗಳಲ್ಲಿ ಕಾಣಿಸದವರು ಕಾಣಿಸುವುದು ಹೇಗೆ ಎಂಬುದು ಇನ್ನೊಂದು ಕಡೆಯ ಪ್ರಶ್ನೆ. ಆ ವರ್ಷದ ಮಾರ್ಚ್‌ನಲ್ಲಿ ಬರಗೂರು ರಾಮಚಂದ್ರಪ್ಪ, ಡಿ.ಆರ್.ನಾಗರಾಜ್ ಮೊದಲಾದವರು ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನವನ್ನು ನಡೆಸಿದರು. ನಾಗರಾಜ್ ದೊಡ್ಡಬಳ್ಳಾಪುರದ ನೇಕಾರ ಕುಟುಂಬದವರು. ತಮ್ಮ ಬೀದಿಗೆ ಬಾರದ ಉತ್ಸವಕ್ಕಾಗಿ ಕಾಯುತ್ತ ಕೂರದೆ, ತಾವೇ ಇನ್ನೊಂದನ್ನು ಹೊರಡಿಸಿದ ಸಂದರ್ಭವಿದು. ಮುಂದೆ 2015ರಲ್ಲಿ ಶ್ರವಣಬೆಳಗೊಳದಲ್ಲಿ ನಡೆದ 81ನೆಯ ಸಮ್ಮೇಳನಕ್ಕೆ ಅದೇ ಸಿದ್ಧಲಿಂಗಯ್ಯ ಅಧ್ಯಕ್ಷರಾದರು. 'ಊರುಕೇರಿ' ಎಂಬುದು ಅವರ ಆತ್ಮಕಥೆಯ ಹೆಸರು. ಊರಿಗೂ ಕೇರಿಗೂ ನಡುವೆ ಎಷ್ಟು ನಡೆಯಬೇಕಾಯಿತು ಎಂಬುದನ್ನು ಆ ಒಂದು ಪದವೇ ಹೇಳುತ್ತದೆ. 2021ರಲ್ಲಿ ಅವರು ತೀರಿಕೊಂಡರು.

ಬಿತ್ತನೆಯ ಕೆಲಸ

ಈ ನಡುವೆ ಬರೆಯುವುದನ್ನು ಕಲಿಸುವ ಕೆಲಸ ಬೇರೆ ಬೇರೆ ಊರುಗಳಲ್ಲಿ ಸದ್ದಿಲ್ಲದೆ ನಡೆದಿತ್ತು. ಬೆಂಗಳೂರಿನ ಕ್ರೈಸ್ಟ್ ಕಾಲೇಜಿನ ಕನ್ನಡ ಸಂಘದಲ್ಲಿ ಚಿ.ಶ್ರೀನಿವಾಸರಾಜು ವಿದ್ಯಾರ್ಥಿಗಳಿಗಾಗಿ ಕವನ, ಕಥಾ ಸ್ಪರ್ಧೆಗಳನ್ನು ನಡೆಸಿ, ಅನೇಕ ಯುವ ಲೇಖಕರ ಮೊದಲ ಪುಸ್ತಕಗಳನ್ನು ಪ್ರಕಟಿಸಿದರು. ಮಲೆನಾಡಿನ ಹೆಗ್ಗೋಡಿನಲ್ಲಿ ಕೆ.ವಿ.ಸುಬ್ಬಣ್ಣ, 1949ರಲ್ಲಿ ಹುಟ್ಟಿದ ನೀನಾಸಂ ಮೂಲಕ, ರೈತ, ಮೇಷ್ಟರು, ಗೃಹಿಣಿ, ವಿದ್ಯಾರ್ಥಿ ಎಲ್ಲರೂ ಒಟ್ಟಿಗೆ ಕುಳಿತು ಕಾವ್ಯ, ನಾಟಕ, ಸಿನಿಮಾಗಳನ್ನು ಚರ್ಚಿಸುವ ಶಿಬಿರಗಳನ್ನು ರೂಢಿಗೆ ತಂದರು. 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ, ಒಂದು ಸಣ್ಣ ಹಳ್ಳಿಯ ಈ ಪ್ರಯೋಗ ದೇಶದ ಹೊರಗೂ ಹೆಸರಾಯಿತು.

ಈ ಎಲ್ಲ ಪ್ರಯತ್ನಗಳಲ್ಲಿ ಒಂದು ಸಮಾನ ಗುಣ ಕಾಣುತ್ತದೆ. ಕಲಿಯಲು ಬಂದವರ ಅರ್ಹತೆಯನ್ನು ಮೊದಲೇ ತೂಗಿ ನೋಡದೆ, ಬಂದವರ ಕೈಗೆ ಕೆಲಸ ಕೊಟ್ಟದ್ದು. ಉಪನ್ಯಾಸವನ್ನು ಕೇಳಿದವರು ಚಪ್ಪಾಳೆ ತಟ್ಟಿ ಮನೆಗೆ ಹೋಗಬಹುದು. ಒಂದು ಷಟ್ಪದಿಯನ್ನು ತಾವೇ ವಾಚಿಸಿದವರು, ಒಂದು ಕಥೆಯನ್ನು ಬರೆದು ಹತ್ತು ಜನರೆದುರು ಓದಿದವರು ಮಾತ್ರ ಆ ಭಾಷೆ ತಮ್ಮದೂ ಹೌದೆಂದು ಭಾವಿಸುತ್ತಾರೆ. ಉತ್ಸವ ಮತ್ತು ಕಮ್ಮಟ ಎಂಬ ಎರಡು ಮಾತುಗಳಿಗಿರುವ ವ್ಯತ್ಯಾಸವೂ ಇದೇ.

ಬಿನ್ನಿ ಮಿಲ್ಲಿನ ಸೈರನ್ನು ಈಗ ಕೇಳಿಸುವುದಿಲ್ಲ. ಗಿರಣಿಯ ಜಾಗದಲ್ಲಿ ಬಹುಮಹಡಿ ವಸತಿಗಳೂ ಮಾಲ್ ಕೂಡ ಎದ್ದಿವೆ. ಸಾಹಿತ್ಯದ ಉತ್ಸವಗಳು ಹಿಂದೆಂದಿಗಿಂತ ಹೆಚ್ಚಾಗಿವೆ, ತಾರಾ ಹೋಟೆಲುಗಳ ಅಂಗಳದಲ್ಲೂ ನಡೆಯುತ್ತವೆ. ಅಂದಿನ ಪಾಳಿಯ ಕೆಲಸದವರಂತೆ ಇಂದು ರಾತ್ರಿ ಪಾಳಿಯ ಕಾವಲುಗಾರರು, ಮನೆಮನೆಗೆ ಊಟ ತಲುಪಿಸುವ ಹುಡುಗರು, ಗಾರ್ಮೆಂಟ್ಸ್‌ನ ಹೆಣ್ಣುಮಕ್ಕಳು ಈ ನಗರದಲ್ಲಿದ್ದಾರೆ. ಅವರಿಗೂ ಹೇಳುವ ಕಥೆಗಳಿವೆ. ಮುಂದಿನ ಚೈತ್ರದಲ್ಲಿ ಉತ್ಸವ ಹೂಡುವವರು ಮೊದಲು ವಿಚಾರಿಸಬೇಕಾದದ್ದು, ಅವರಿಗೆ ಬಿಡುವು ಸಿಗುವ ಹೊತ್ತು ಯಾವುದು ಎಂಬುದನ್ನು.