ಹವಳವನ್ನು ಸಾಕುವ ನೀರು

1846ನೆಯ ಇಸವಿಯಲ್ಲಿ ಇಂಗ್ಲೆಂಡಿನ ಟಾರ್ಕಿ ಕಡಲತಡಿಗೆ ಹೋಗಿದ್ದ ಆನಾ ಥಿನ್ ಎಂಬ ಮಹಿಳೆ, ಬಂಡೆಗೆ ಅಂಟಿಕೊಂಡಿದ್ದ ತಣ್ಣೀರಿನ ಬಿಡಿಹವಳಗಳನ್ನು ಜೋಪಾನವಾಗಿ ಬಿಡಿಸಿ, ದಾರಿಯ ಕುಲುಕಾಟದಲ್ಲಿ ಅವು ಘಾಸಿಗೊಳ್ಳದಿರಲೆಂದು ಸೂಜಿದಾರದಿಂದ ಸ್ಪಂಜಿಗೆ ಹೊಲಿದು, ಕಡಲ ನೀರು ತುಂಬಿದ ಜಾಡಿಯಲ್ಲಿಟ್ಟು ಲಂಡನ್ನಿನ ತಮ್ಮ ಮನೆಗೆ ತಂದರು. ಸಮುದ್ರ ಅಲ್ಲಿಗೆ ದೂರ. ಹೊಸ ನೀರು ದಿನವೂ ಬರುವಂತಿರಲಿಲ್ಲ. ಆದುದರಿಂದ ಮನೆಗೆಲಸದ ಹುಡುಗಿಯೊಬ್ಬಳು ತೆರೆದ ಕಿಟಕಿಯ ಮುಂದೆ ನಿಂತು, ನಮ್ಮ ಮನೆಗಳಲ್ಲಿ ಬಿಸಿ ಕಾಫಿಯನ್ನು ಆರಿಸುವ ರೀತಿಯಲ್ಲಿ, ಹಳೆಯ ನೀರನ್ನೇ ಪಾತ್ರೆಯಿಂದ ಪಾತ್ರೆಗೆ ಅರ್ಧ ಮುಕ್ಕಾಲು ಗಂಟೆಯ ಕಾಲ ಎತ್ತೆತ್ತಿ ಹೊಯ್ಯುತ್ತಿದ್ದಳು. ಇಂದು ಪಂಪು ಮಾಡುವ ಕೆಲಸವನ್ನು ಅಂದು ಆ ಹುಡುಗಿಯ ತೋಳುಗಳು ಮಾಡಿದುವು, ಹವಳಗಳು ಬದುಕಿದುವು. ಹವಳ ಸಾಕಣೆಯ ಚರಿತ್ರೆಯಲ್ಲಿ ಒಡತಿಯನ್ನು ನೆನೆಯುವಷ್ಟೇ ಗೌರವದಿಂದ ಅವಳನ್ನೂ ನೆನೆಯಬೇಕೆಂದು ನನ್ನ ಅಭಿಪ್ರಾಯ.

ಗಾಳಿಯ ಕೊರತೆ ಹೀಗೆ ನೀಗಿತು. ಕಲ್ಮಷದ ಬಾಧೆ ನೀಗಲು ನೂರು ವರ್ಷಗಳಿಗೂ ಮಿಕ್ಕಿ ಬೇಕಾಯಿತು. ಜಲಚರಗಳ ವಿಸರ್ಜನೆಯಿಂದಲೂ ತಿಂದುಳಿದ ಆಹಾರದಿಂದಲೂ ಹುಟ್ಟುವ ಅಮೋನಿಯ ಉಗ್ರ ವಿಷ. ಬ್ಯಾಕ್ಟೀರಿಯಗಳು ಅದನ್ನು ಮೊದಲು ನೈಟ್ರೈಟನ್ನಾಗಿಯೂ ಬಳಿಕ ನೈಟ್ರೇಟನ್ನಾಗಿಯೂ ಮಾರ್ಪಡಿಸುತ್ತವೆಂಬುದನ್ನು ಸೂಕ್ಷ್ಮಜೀವಿ ವಿಜ್ಞಾನಿ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ತೋರಿಸಿದ್ದರು. ತೊಟ್ಟಿಯ ತಳದ ಜಲ್ಲಿಯ ಮೂಲಕ ನೀರನ್ನು ಹಾಯಿಸಿ ಈ ಸೂಕ್ಷ್ಮಜೀವಿಗಳನ್ನು ದುಡಿಸಿಕೊಳ್ಳುವ ಪದ್ಧತಿ 20ನೆಯ ಶತಮಾನದಲ್ಲಿ ಬಳಕೆಗೆ ಬಂತು. ಮೀನಿಗೆ ಅದು ಸಾಕಾಯಿತು, ಹವಳಕ್ಕೆ ಸಾಲಲಿಲ್ಲ. ಜಲ್ಲಿಯ ಕೆಲಸ ನೈಟ್ರೇಟಿಗೇ ಮುಗಿಯುತ್ತಿತ್ತು. ಅದೂ ಅದರೊಡನೆ ಫಾಸ್ಫೇಟೂ ದಿನೇ ದಿನೇ ಶೇಖರವಾಗುತ್ತ ಹೋದಂತೆ, ಲೀಟರಿಗೆ ಮಿಲಿಗ್ರಾಮಿನ ನೂರನೆಯ ಭಾಗದ ಲೆಕ್ಕದಲ್ಲಿ ಫಾಸ್ಫೇಟುಳ್ಳ ಬಡ ನೀರಿಗೆ ಒಗ್ಗಿದ ಹವಳದ ಮೇಲೆ ಪಾಚಿ ಕವಿದು ಅದನ್ನು ಉಸಿರುಗಟ್ಟಿಸುತ್ತಿತ್ತು.

ಪರಿಹಾರದ ಎಳೆ ಜಕಾರ್ತಾದಿಂದ ಬಂತು. ಅಲ್ಲಿಯ ಲೀ ಚಿನ್ ಎಂಗ್ 1961ರಲ್ಲಿ ಅಮೆರಿಕದ ಪತ್ರಿಕೆಯೊಂದಕ್ಕೆ ಬರೆದ ಲೇಖನದಲ್ಲಿ ವರ್ಣಿಸಿದ ತೊಟ್ಟಿಗೆ ಶೋಧಕವೇ ಇರಲಿಲ್ಲ: ಸಮುದ್ರದ ನೀರು, ಬಿಸಿಲು, ಮೆಲ್ಲಗೆ ಏಳುವ ಗಾಳಿಯ ಗುಳ್ಳೆಗಳು, ಇವುಗಳೊಡನೆ ಜೀವಂತ ಶಿಲೆ. ಶಿಲೆಯೆಂದರೆ ಬರಿಯ ಕಲ್ಲಲ್ಲ, ಹಳೆಯ ಹವಳದ ಅಸ್ಥಿ. ಮೈತುಂಬ ನೇರಳೆ ಬಣ್ಣದ ಸುಣ್ಣಪಾಚಿ, ಪೊಟರೆಗಳಲ್ಲಿ ಹುಳುಗಳು, ಸ್ಪಂಜುಗಳು. ಒಳಒಳಕ್ಕೆ ಹೋದಂತೆ ಆಮ್ಲಜನಕ ತಲಪದ ಸೂಕ್ಷ್ಮ ರಂಧ್ರಗಳು. ಅಲ್ಲಿ ನೆಲಸಿದ ಬೇರೊಂದು ಬಗೆಯ ಬ್ಯಾಕ್ಟೀರಿಯಗಳು ನೈಟ್ರೇಟನ್ನು ನೈಟ್ರೊಜನ್ ಅನಿಲವಾಗಿಸಿ ಗಾಳಿಗೆ ಬಿಟ್ಟುಕೊಡುತ್ತವೆ. ಜಲ್ಲಿ ಅರ್ಧಕ್ಕೆ ಕೈಬಿಟ್ಟ ಕೆಲಸವನ್ನು ಶಿಲೆ ಪೂರೈಸುತ್ತಿತ್ತು.

ಫಾಸ್ಫೇಟಿಗೆ ಮಾತ್ರ ಹಾಗೆ ಅನಿಲವಾಗಿ ಹಾರಿಹೋಗುವ ದಾರಿಯಿಲ್ಲ; ಅದನ್ನು ಎತ್ತಿ ಹೊರಹಾಕಲೇಬೇಕು. ಜರ್ಮನಿಯಲ್ಲಿ 1960ರ ದಶಕದಲ್ಲಿ ರೂಢಿಗೆ ಬಂದ ಪ್ರೋಟೀನ್ ಸ್ಕಿಮ್ಮರ್, ಕೊಳವೆಯಲ್ಲಿ ನೊರೆಯೆಬ್ಬಿಸಿ, ಕಲ್ಮಷ ಕೊಳೆಯುವ ಮುನ್ನವೇ ಅದನ್ನು ಗುಳ್ಳೆಗಳಿಗೆ ಅಂಟಿಸಿಕೊಂಡು ಮೇಲಿನ ಬಟ್ಟಲಿಗೆ ಉಕ್ಕಿಸುತ್ತದೆ. ಕೆಲವು ದಿನ ಬಿಟ್ಟು ಆ ಬಟ್ಟಲನ್ನು ಕಳಚಿದರೆ ಅದರಲ್ಲಿ ಗಟ್ಟಿ ಡಿಕಾಕ್ಷನ್ನಿನ ಬಣ್ಣದ, ಮೂಗು ಮುಚ್ಚಿಕೊಳ್ಳಬೇಕಾದಂಥ ದ್ರವ. ಶಿಲೆಯೂ ನೊರೆಯೂ ಕೂಡಿದ ಕ್ರಮವೇ ಬರ್ಲಿನ್ ಪದ್ಧತಿಯೆಂದು ಹೆಸರಾಯಿತು. ಸ್ಮಿತ್ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿಯವರಾದರೋ ಶತ್ರುವೆನಿಸಿದ್ದ ಪಾಚಿಯನ್ನೇ ಪ್ರತ್ಯೇಕವಾಗಿ ಜಾಲರಿಯ ಮೇಲೆ ಬೆಳೆಸಿ, ಅದು ಹೀರಿಕೊಂಡ ಪೋಷಕಾಂಶಗಳ ಸಮೇತ ಕೆರೆದು ತೆಗೆದರು. ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಸುಂದರವೆನಿಸುವ ಆಲೋಚನೆ ಇದು.

ಬಳಿಕ ಉತ್ಸಾಹ ಮಿತಿಮೀರಿತು. ಫಾಸ್ಫೇಟನ್ನು ಹಿಡಿದಿಡುವ ಕಬ್ಬಿಣದ ಆಕ್ಸೈಡಿನ ಹರಳುಗಳೂ, ಬ್ಯಾಕ್ಟೀರಿಯಗಳನ್ನು ಕೊಬ್ಬಿಸಿ ಅವುಗಳಿಂದ ಪೋಷಕಾಂಶವನ್ನು ಹೀರಿಸಲೆಂದು ದಿನಕ್ಕಿಷ್ಟು ಹನಿಯಂತೆ ಹಾಕುವ ವೋಡ್ಕಾವೂ ಬಂದು, ಸೊನ್ನೆಯೇ ಗುರಿಯೆಂಬ ಭಾವನೆ ಬೇರೂರಿತು. ನೀರು ಸ್ಫಟಿಕವಾಯಿತು, ಹವಳ ಬಿಳಿಚಿತು. ಅದರ ಅಂಗಾಂಶದೊಳಗಿದ್ದು ಬೆಳಕಿನಿಂದ ಆಹಾರ ತಯಾರಿಸುವ ಸೂಕ್ಷ್ಮ ಪಾಚಿಗೂ ಸಾರಜನಕ ರಂಜಕಗಳು ಬೇಕಷ್ಟೆ. ನೈಟ್ರೇಟ್ ಹೆಚ್ಚಿದ್ದು ಫಾಸ್ಫೇಟ್ ತೀರ ಬತ್ತಿದರೆ ಹವಳ ಬಿಸಿಗೂ ಬೆಳಕಿಗೂ ಬೇಗ ಬಿಳಿಚುವುದೆಂದು 2013ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಒಂದು ಕಾಲಕ್ಕೆ ನೈಟ್ರೇಟನ್ನು ತೊಲಗಿಸಲು ನಿದ್ದೆಗೆಟ್ಟವರೇ ಈಗ ಪರೀಕ್ಷೆಯ ನಳಿಕೆಯನ್ನು ಬೆಳಕಿಗೆ ಹಿಡಿದು, ಬಣ್ಣವನ್ನು ಎರಡೆರಡು ಸಲ ಹೋಲಿಸಿ ನೋಡಿ, ಸೋಡಿಯಂ ನೈಟ್ರೇಟಿನ ದ್ರಾವಣವನ್ನು ಹನಿ ಎಣಿಸುತ್ತ ನೀರಿಗೆ ಬಿಡುತ್ತಾರೆ.